ಎಣಿಸುವವರು ಮತ್ತು ಕೇಳುವವರು

ಪ್ರಶಸ್ತಿ ಬಂದದ್ದರಿಂದ ಹೆಸರಾದವರು ಲೋಕದಲ್ಲಿ ಬಹಳ ಮಂದಿ. ಪ್ರಶಸ್ತಿ ಬಾರದೆ ಹೋದುದರಿಂದಲೇ ಹೆಸರಾದವರು ಅಪೂರ್ವ. ಅಮೆರಿಕದ ಚಲನಚಿತ್ರಗಳಿಗೆ ಧ್ವನಿಮಿಶ್ರಣ ಮಾಡಿಕೊಂಡು ಬಂದ ಕೆವಿನ್ ಓಕಾನೆಲ್ ಈ ಎರಡನೆಯ ಪಂಗಡಕ್ಕೆ ಸೇರಿದವರು. 1984ರಿಂದ 2008ರವರೆಗೆ ನಡೆದ ಆಸ್ಕರ್ ಸಮಾರಂಭಗಳಲ್ಲಿ ಅವರ ಹೆಸರು ಅಂತಿಮ ಪಟ್ಟಿಯಲ್ಲಿ 20 ಸಲ ಬಂದಿತು. 20 ಸಲವೂ ಲಕೋಟೆಯೊಳಗಿಂದ ಬೇರೆಯವರ ಹೆಸರು ಹೊರಬಿದ್ದಿತು. ಎರಡು ವರ್ಷಗಳಲ್ಲಿ ಒಂದೇ ಸಂಜೆ ಎರಡೆರಡು ಚಿತ್ರಗಳಿಗಾಗಿ ಸೋತದ್ದೂ ಉಂಟು. ಹೀಗಾಗಿ 20 ಸೋಲುಗಳಿಗೆ 18 ಸಂಜೆಗಳೇ ಸಾಕಾದುವು. 21ನೆಯ ಸಲ, 2017ರ ಫೆಬ್ರುವರಿ 26ರಂದು, ‘ಹ್ಯಾಕ್ಸಾ ರಿಡ್ಜ್’ ಎಂಬ ಚಿತ್ರಕ್ಕಾಗಿ ಅವರಿಗೆ ಪ್ರಶಸ್ತಿ ದೊರೆಯಿತು.

ಈ ಲೆಕ್ಕವನ್ನು ಅಲ್ಲಿಯ ಪತ್ರಿಕೆಗಳು ವರ್ಷ ವರ್ಷವೂ ಅಚ್ಚುಹಾಕಿದುವು. ದುರದೃಷ್ಟದ ದಾಖಲೆ ಎಂದು ಕೆಲವರು ಮರುಗಿದರು, ಕೆಲವರು ನಕ್ಕರು. ಮರುಗಿದವರೂ ನಕ್ಕವರೂ ಅಂಕಿಯನ್ನು ಸರಿಯಾಗಿಯೇ ಕೊಟ್ಟರು. ಆದರೆ ಈ ಮನುಷ್ಯ ದಿನವೆಲ್ಲ ಕುಳಿತು ಮಾಡುತ್ತಿದ್ದುದೇನು, ಆ 20 ಚಿತ್ರಗಳಲ್ಲಿ ಆತನ ಕೈ ಎಲ್ಲಿ ಕೇಳಿಸುತ್ತದೆ ಎಂಬುದನ್ನು ಹೇಳುವ ಗೋಜಿಗೆ ಹೋದವರು ವಿರಳ. ಸೋಲು ಪ್ರಸಿದ್ಧವಾಯಿತು, ಕೆಲಸ ಪ್ರಸಿದ್ಧವಾಗಲಿಲ್ಲ. ಇದು ನನಗೆ ಹಾಲಿವುಡ್ಡಿನ ಒಂದು ವಿನೋದ ಪ್ರಸಂಗವಾಗಿ ಮಾತ್ರ ತೋರುವುದಿಲ್ಲ. ಎಣಿಸುವ ಅಭ್ಯಾಸ ಬಲಿತ ಕಡೆ ಕೇಳುವ ಕಿವಿ ಮಂದವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ಅಭ್ಯಾಸ ನಮ್ಮ ಅಂಗಳದಲ್ಲಿಯೂ ಇದೆ. ಅಲ್ಲಿಗೆ ಕಡೆಯಲ್ಲಿ ಬರುತ್ತೇನೆ.

ಮೊದಲು ಕೆಲಸದ ಪರಿಚಯ. ‘ಚಿತ್ರ ನೋಡಿದೆ’ ಎನ್ನುವುದು ನಮ್ಮ ರೂಢಿಯ ಮಾತು. ‘ಚಿತ್ರ ಕೇಳಿದೆ’ ಎಂದು ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ ‘ದಿ ಜಾಝ್ ಸಿಂಗರ್’ ತೆರೆಗೆ ಬಂದದ್ದು 1927ರಲ್ಲಿ, ಮುಂಬಯಿಯಲ್ಲಿ ‘ಆಲಂ ಆರಾ’ ಬಂದದ್ದು 1931ರಲ್ಲಿ, ಕನ್ನಡದ ‘ಸತಿ ಸುಲೋಚನ’ 1934ರಲ್ಲಿ. ಚಿತ್ರಕ್ಕೆ ಬಾಯಿ ಬಂದು ತೊಂಬತ್ತು ವರ್ಷ ಕಳೆದರೂ ಅದನ್ನು ಕುರಿತ ನಮ್ಮ ಮಾತು ಮೂಕಿಚಿತ್ರದ ಕಾಲದ್ದೇ ಆಗಿ ಉಳಿದಿದೆ. ಕಥೆ ಹೀಗಿತ್ತು, ನಟನೆ ಹೀಗಿತ್ತು, ಛಾಯಾಗ್ರಹಣ ಸೊಗಸಾಗಿತ್ತು ಎನ್ನುತ್ತೇವೆ. ಹಾಡಿನ ಮಾತೂ ಬರುತ್ತದೆ. ಇವುಗಳ ನಡುವೆ ನಮ್ಮ ಕಿವಿಗೆ ಬಿದ್ದ ಸಾವಿರ ಸದ್ದುಗಳು ತಾವಾಗಿಯೇ ಅಲ್ಲಿ ಇದ್ದುವೆಂದು ಭಾವಿಸುತ್ತೇವೆ.

ಅವು ತಾವಾಗಿ ಅಲ್ಲಿರುವುದಿಲ್ಲ. ಚಿತ್ರೀಕರಣದ ಸ್ಥಳದಲ್ಲಿ ನಟರ ಮಾತನ್ನು ಹಿಡಿಯುವವರು ಒಬ್ಬರು. ಹೆಜ್ಜೆಯ ಸದ್ದು, ಬಟ್ಟೆಯ ಸರಸರ, ಬಾಗಿಲ ಕಿರುಗುಟ್ಟುವಿಕೆ, ಗುಂಡಿನ ಹೊಡೆತ, ಗಾಳಿ, ಮಳೆ ಇವನ್ನೆಲ್ಲ ಬೇರೆಯಾಗಿ ತಯಾರಿಸಿ ಚಿತ್ರಕ್ಕೆ ಹೊಂದಿಸುವವರು ಮತ್ತೆ ಕೆಲವರು. ಸಂಗೀತ ಇನ್ನೊಂದು ಕಡೆಯಿಂದ ಬರುತ್ತದೆ. ಒಂದು ದೊಡ್ಡ ಚಿತ್ರದಲ್ಲಿ ಇಂಥ ಧ್ವನಿಪಥಗಳು ನೂರಾರು. ಅವೆಲ್ಲವೂ ಕೊನೆಗೆ ಒಂದು ಕತ್ತಲ ಕೋಣೆಗೆ ಬಂದು ಸೇರುತ್ತವೆ. ಅಲ್ಲಿ ಒಂದು ತೆರೆ, ತೆರೆಯ ಎದುರಿಗೆ ಉದ್ದನೆಯ ಮೇಜಿನಂಥ ಒಂದು ಯಂತ್ರ. ಅದರ ಮೇಲೆ ಸಾಲು ಸಾಲಾಗಿ ಜಾರುಗುಂಡಿಗಳು. ಮಿಶ್ರಣಕಾರ ಕುಳಿತುಕೊಳ್ಳುವುದು ಅಲ್ಲಿ. ಮಾತು, ಸಂಗೀತ, ಇತರ ಸದ್ದು ಎಂಬ ಮೂರು ರಾಶಿಗಳನ್ನು ಮಾಡಿಕೊಂಡು, ಯಾವ ಕ್ಷಣದಲ್ಲಿ ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು, ಯಾವುದು ಬಾಯಿ ಮುಚ್ಚಬೇಕು ಎಂದು ಆತ ತೀರ್ಮಾನಿಸುತ್ತಾನೆ. ಈ ಮೂರನ್ನೂ ಒಬ್ಬನೇ ನೋಡಿಕೊಳ್ಳುವುದುಂಟು. ದೊಡ್ಡ ಚಿತ್ರಗಳಲ್ಲಿ ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಓಕಾನೆಲ್ಲರ ಪಾಲಿಗೆ ಬಹುಮಟ್ಟಿಗೆ ಬರುತ್ತಿದ್ದುದು ಮಾತು ಮತ್ತು ಸಂಗೀತ.

ಇದರಲ್ಲಿ ಏನು ಕಷ್ಟ ಎಂದು ಕೇಳಬಹುದು. ಕಿವಿಯ ಸ್ವಭಾವದಲ್ಲಿಯೇ ಕಷ್ಟವಿದೆ. ಒಂದೇ ಎತ್ತರದ ಎರಡು ಸದ್ದುಗಳು ಕೂಡಿದಾಗ ಬಲವಾದುದು ಮೆಲುವಾದುದನ್ನು ನುಂಗಿಬಿಡುತ್ತದೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವ ಎತ್ತರದಲ್ಲಿಯೇ ಮಳೆಯೂ ಸುರಿಯುತ್ತದೆ, ಪಿಟೀಲೂ ನುಡಿಯುತ್ತದೆ. ಹೀಗಾಗಿ ಎಲ್ಲವನ್ನೂ ಕೇಳಿಸುತ್ತೇನೆಂದು ಹೊರಟವನಿಗೆ ಕೊನೆಗೆ ಸಿಗುವುದು ಗದ್ದಲ ಮಾತ್ರ. ಇನ್ನೊಂದು ತೊಡಕೂ ಇದೆ. ತೆರೆಯ ಮೇಲೆ ಐದು ನಿಮಿಷ ನಡೆಯುವ ಒಂದು ಸಂಭಾಷಣೆಯನ್ನು ಹಲವು ದಿನಗಳಲ್ಲಿ ತುಂಡು ತುಂಡಾಗಿ ಚಿತ್ರಿಸಿರುತ್ತಾರೆ. ಒಂದು ತುಂಡಿನ ಹಿಂದೆ ವಿಮಾನ ಹಾರಿರುತ್ತದೆ. ಇನ್ನೊಂದರ ಹಿಂದೆ ಯಂತ್ರವೊಂದು ಗುಂಯ್‌ಗುಟ್ಟಿರುತ್ತದೆ. ಮತ್ತೊಂದರ ಮಾತು ಕೆಟ್ಟು ನಟ ತಿಂಗಳುಗಳ ಮೇಲೆ ಬೇರೊಂದು ಕೋಣೆಯಲ್ಲಿ ನಿಂತು ಅದನ್ನು ಮತ್ತೆ ಹೇಳಿರುತ್ತಾನೆ. ಈ ತುಂಡುಗಳ ಹಿನ್ನೆಲೆಯನ್ನೂ ಅನುರಣನವನ್ನೂ ಸರಿಹೊಂದಿಸಿ, ಒಂದೇ ಉಸಿರಿನಲ್ಲಿ ಒಂದೇ ಕೋಣೆಯಲ್ಲಿ ಆಡಿದ ಮಾತೆಂದು ನಮಗೆ ನಂಬಿಕೆ ಹುಟ್ಟಿಸಬೇಕು. ನ್ಯಾಯಾಲಯದೊಳಗಿನ ವಾದವೇ ಜೀವಾಳವಾಗಿರುವ ‘ಎ ಫ್ಯೂ ಗುಡ್ ಮೆನ್’ (1992) ಎಂಬ ಚಿತ್ರಕ್ಕಾಗಿ ಓಕಾನೆಲ್ಲರ ಹೆಸರು ಆಸ್ಕರ್ ಪಟ್ಟಿಗೆ ಬಂದಾಗ, ಬರಿಯ ಮಾತಿನ ಚಿತ್ರದಲ್ಲಿ ಮಿಶ್ರಣಕಾರನಿಗೆ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಅಲ್ಲಿಯೇ ಇತ್ತು. ಮಾತನ್ನು ಮಾತಾಗಿ ಉಳಿಸುವುದೇ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ.

ನಮ್ಮ ಯಕ್ಷಗಾನವನ್ನು ಕಂಡವರಿಗೆ ಈ ವಿದ್ಯೆ ಹೊಸದಲ್ಲ. ಅರ್ಥಗಾರಿಕೆ ನಡೆಯುವಾಗ ಹಿಮ್ಮೇಳ ತಗ್ಗುತ್ತದೆ. ಪದಕ್ಕೆ ಮದ್ದಳೆ ಒದಗುತ್ತದೆ. ವೀರ ರೌದ್ರಗಳು ಏರಿದಾಗ ಚಂಡೆ ಎದ್ದು ನುಡಿಯುತ್ತದೆ. ಚಂಡೆಯವನ ಕೈಬಲವನ್ನು ಎಲ್ಲರೂ ಹೊಗಳುತ್ತಾರೆ. ಆತ ಕೋಲನ್ನು ತಡೆದು ಕುಳಿತ ಹೊತ್ತನ್ನು ಮೆಚ್ಚುವವನು ರಸಿಕ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಕಾವ್ಯದ ಜೀವವನ್ನು ಔಚಿತ್ಯವೆಂದು ಕರೆದನು: ಒಡವೆ ಎಷ್ಟು ಬೆಲೆಯದೆಂಬುದಕ್ಕಿಂತ ಅದು ಇರಬೇಕಾದ ಸ್ಥಾನದಲ್ಲಿದೆಯೆ ಎಂಬುದು ಮುಖ್ಯ. ಧ್ವನಿಮಿಶ್ರಣವನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಔಚಿತ್ಯವೆಂದೇ ಹೇಳುವೆನು. ಅದು ಯಂತ್ರದ ಕೆಲಸವೆಂದು ತಳ್ಳಿಹಾಕುವವರು ಲೇಖನಿಯೂ ಒಂದು ಯಂತ್ರವೆಂಬುದನ್ನು ನೆನೆಯಬೇಕು.

ಈಗ ಮನುಷ್ಯನ ಕಡೆಗೆ ಬರೋಣ. ಓಕಾನೆಲ್ 1957ರಲ್ಲಿ ಹುಟ್ಟಿದವರು. ಅವರ ತಾಯಿ ಸ್ಕಿಪ್ಪಿ ಓಕಾನೆಲ್ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಧ್ವನಿವಿಭಾಗದಲ್ಲಿ ನೌಕರಿಯಲ್ಲಿದ್ದರು. ಮಗ ಆಗ ಬೆಂಕಿ ಆರಿಸುವ ದಳದಲ್ಲಿ ದುಡಿಯುತ್ತಿದ್ದ. 1978ರ ಸುಮಾರಿಗೆ ತಾಯಿ ಆತನಿಗೆ ಧ್ವನಿಯ ಕ್ಷೇತ್ರದಲ್ಲಿ ಒಂದು ಕೆಲಸ ಕೊಡಿಸಿದರು. ಇದಕ್ಕೆ ಪ್ರತಿಯಾಗಿ ನಾನೇನು ಮಾಡಲಿ ಎಂದು ಮಗ ಕೇಳಿದಾಗ, ಕಷ್ಟಪಟ್ಟು ಕೆಲಸಮಾಡು, ಎಂದಾದರೊಂದು ದಿನ ಆಸ್ಕರ್ ಗೆದ್ದು ಆ ವೇದಿಕೆಯ ಮೇಲೆ ನಿಂತು ಲೋಕವೆಲ್ಲ ಕೇಳುವಂತೆ ನನಗೆ ವಂದನೆ ಹೇಳು ಎಂದು ತಾಯಿ ಉತ್ತರಿಸಿದರಂತೆ.

ಇಂದು ಎಲ್ಲ ಸದ್ದೂ ಗಣಕಯಂತ್ರದೊಳಗಿದೆ. ಅಂದು ಹಾಗಿರಲಿಲ್ಲ. ಒಂದೊಂದು ಧ್ವನಿಪಥವೂ ಅಯಸ್ಕಾಂತ ಲೇಪನದ ಒಂದೊಂದು ಸುರುಳಿಯ ಮೇಲೆ ಇರುತ್ತಿತ್ತು. ಹತ್ತಾರು ಸುರುಳಿಗಳನ್ನು ಹತ್ತಾರು ಯಂತ್ರಗಳಿಗೆ ಏರಿಸಿ ಎಲ್ಲವನ್ನೂ ಚಿತ್ರದೊಡನೆ ಕೂದಲೆಳೆಯ ಅಂತರವೂ ಇಲ್ಲದಂತೆ ಓಡಿಸಬೇಕಾಗಿತ್ತು. ಕೈ ತಪ್ಪಿದರೆ ಎಲ್ಲವನ್ನೂ ಒಟ್ಟಿಗೆ ಹಿಂದಕ್ಕೆ ಸುತ್ತಬೇಕು. ಈ ಶಿಸ್ತಿನಲ್ಲಿ ಕಸುಬು ಕಲಿತ ಯುವಕ ಐದಾರು ವರ್ಷಗಳಲ್ಲಿ ‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’ (1983) ಎಂಬ ಚಿತ್ರಕ್ಕಾಗಿ ಆಸ್ಕರ್ ಪಟ್ಟಿಗೆ ಬಂದನು. ಅದು ಒಬ್ಬ ತಾಯಿ ಮತ್ತು ಮಗಳ ಕಥೆ. ಜಗಳ, ದೂರವಾಣಿಯ ಮಾತು, ಆಸ್ಪತ್ರೆಯ ಹಾಸಿಗೆಯ ಬದಿಯ ಪಿಸುಮಾತು ಅದರ ಸಾಮಗ್ರಿ. ಅಂದು ಗೆದ್ದದ್ದು ಜೆಟ್ ವಿಮಾನ, ಆಕಾಶನೌಕೆಗಳ ‘ದಿ ರೈಟ್ ಸ್ಟಫ್’. ಮೂರು ವರ್ಷಗಳ ಮೇಲೆ ಓಕಾನೆಲ್ ಜೆಟ್ ವಿಮಾನಗಳ ‘ಟಾಪ್ ಗನ್’ (1986) ಚಿತ್ರದೊಡನೆ ಬಂದಾಗ, ಗೆದ್ದದ್ದು ವಿಯೆಟ್ನಾಂ ಕಾಡಿನ ಯುದ್ಧವನ್ನು ತೋರಿಸಿದ ‘ಪ್ಲಟೂನ್’.

ಸಾಹಿತ್ಯದ ವಾಚಕರಿಗೆ ರುಚಿಸಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’ ಲ್ಯಾರಿ ಮೆಕ್‌ಮರ್ಟ್ರಿಯವರ ಕಾದಂಬರಿಯಿಂದ ಬಂದದ್ದು. ಅದೇ ಕಾದಂಬರಿಕಾರರ, 1986ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ, ‘ಲೋನ್‌ಸಮ್ ಡವ್’ 1989ರಲ್ಲಿ ದೂರದರ್ಶನದ ಧಾರಾವಾಹಿಯಾಯಿತು. ದನದ ಮಂದೆಯನ್ನು ಟೆಕ್ಸಾಸ್‌ನಿಂದ ಮೊಂಟಾನದವರೆಗೆ ಅಟ್ಟಿಕೊಂಡು ಹೋಗುವ ಮುದುಕರಿಬ್ಬರ ಕಥೆ ಅದು. ಅದರ ಧ್ವನಿಮಿಶ್ರಣಕ್ಕಾಗಿ ಓಕಾನೆಲ್ ಮತ್ತು ಅವರ ಸಂಗಡಿಗರಿಗೆ ದೂರದರ್ಶನದ ಎಮ್ಮಿ ಪ್ರಶಸ್ತಿ ಬಂದಿತು. ‘ಎಂದೂ ಗೆಲ್ಲದವನು’ ಎಂದು ಬರೆದವರು ಈ ಗೆಲುವನ್ನು ಹೆಚ್ಚಾಗಿ ಬದಿಗೆ ಸರಿಸಿದರು; ಸೇರಿಸಿದ್ದರೆ ಕಥೆಯ ಸ್ವಾರಸ್ಯ ಕೆಡುತ್ತಿತ್ತು. ದೂರದರ್ಶನದ ಮಿಶ್ರಣ ಚಿತ್ರಮಂದಿರದ ಮಿಶ್ರಣಕ್ಕಿಂತ ಕೀಳೂ ಅಲ್ಲ, ಸುಲಭವೂ ಅಲ್ಲ. ಚಿತ್ರಮಂದಿರದಲ್ಲಿ ಕತ್ತಲೆಯೂ ಮೌನವೂ ಸಹಾಯಕ್ಕಿರುತ್ತವೆ. ಮನೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಕಡೆ ಪಾತ್ರೆಯ ಸದ್ದು, ಇನ್ನೊಂದು ಕಡೆ ಮಗುವಿನ ಅಳು. ಪೆಟ್ಟಿಗೆಯೊಳಗಿನ ಧ್ವನಿವರ್ಧಕ ಅಂಗೈಯಷ್ಟು. ಗಟ್ಟಿಯಾದದ್ದು ಅತಿ ಗಟ್ಟಿಯಾದರೆ ನೆರೆಯವರು ಸಿಟ್ಟಾಗುತ್ತಾರೆ, ಮೆಲ್ಲಗಿನದು ಅತಿ ಮೆಲ್ಲಗಾದರೆ ಕಥೆಯೇ ತಪ್ಪಿಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ಬಯಲಿನ ವಿಸ್ತಾರವನ್ನೂ ಮುದುಕರ ಗೊಣಗಾಟವನ್ನೂ ಒಟ್ಟಿಗೆ ಉಳಿಸುವುದು ಸಾಮಾನ್ಯದ ಕೆಲಸವಲ್ಲ.

20 ಸಲ ಸೋತದ್ದೇಕೆ? ಅದೃಷ್ಟ ಎನ್ನುವುದು ಸೋಮಾರಿಯ ಉತ್ತರ. ಆಸ್ಕರ್ ಪ್ರಶಸ್ತಿಯ ನಿಯಮವನ್ನು ನೋಡಿದರೆ ಬೇರೊಂದು ಉತ್ತರ ಹೊಳೆಯುತ್ತದೆ. ಧ್ವನಿಯ ಪ್ರಶಸ್ತಿಗೆ ಅಂತಿಮ ಪಟ್ಟಿಯನ್ನು ಮಾಡುವವರು ಅಕಾಡೆಮಿಯ ಧ್ವನಿಶಾಖೆಯ ಸದಸ್ಯರು, ಎಂದರೆ ಅದೇ ಕಸುಬಿನವರು. ಆ ಪಟ್ಟಿಯಿಂದ ಒಂದನ್ನು ಆರಿಸಲು ಮತ ಕೊಡುವವರು ಇಡೀ ಅಕಾಡೆಮಿಯ ಸದಸ್ಯರು: ನಟರು, ಬರಹಗಾರರು, ನಿರ್ಮಾಪಕರು, ವಸ್ತ್ರವಿನ್ಯಾಸಕಾರರು ಎಲ್ಲರೂ. ಓಕಾನೆಲ್ ಸೋತ 18 ಸಂಜೆಗಳಲ್ಲಿ ಧ್ವನಿಯ ಪ್ರಶಸ್ತಿಯನ್ನು ಪಡೆದ ಚಿತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಅದರಲ್ಲಿ ‘ಅಮೇಡಿಯಸ್’, ‘ಔಟ್ ಆಫ್ ಆಫ್ರಿಕಾ’, ‘ಪ್ಲಟೂನ್’, ‘ಡ್ಯಾನ್ಸಸ್ ವಿತ್ ವುಲ್ವ್ಸ್’, ‘ದಿ ಇಂಗ್ಲಿಷ್ ಪೇಷಂಟ್’, ‘ಟೈಟಾನಿಕ್’, ‘ಗ್ಲಾಡಿಯೇಟರ್’, ‘ಷಿಕಾಗೊ’ ಎಂಬ 8 ಚಿತ್ರಗಳು ಕಾಣುತ್ತವೆ. ಈ ಎಂಟೂ ಆಯಾ ವರ್ಷದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನೂ ಪಡೆದವು. ಓಕಾನೆಲ್ಲರ ಪಟ್ಟಿಯಲ್ಲಿರುವ ಚಿತ್ರಗಳೋ ‘ದಿ ರಾಕ್’, ‘ಕಾನ್ ಏರ್’, ‘ಆರ್ಮಗೆಡನ್’, ‘ಸ್ಪೈಡರ್‌ಮ್ಯಾನ್’, ‘ಟ್ರಾನ್ಸ್‌ಫಾರ್ಮರ್ಸ್’ ಮೊದಲಾದುವು. ಜನ ಮುಗಿಬಿದ್ದು ನೋಡಿದ, ವಿಮರ್ಶಕರು ಮೂಗು ಮುರಿದ ಚಿತ್ರಗಳೇ ಅವುಗಳಲ್ಲಿ ಬಹಳ.

ಗೆದ್ದ ಚಿತ್ರಗಳ ಧ್ವನಿ ಕೀಳಾಗಿತ್ತೆಂದು ನಾನು ಹೇಳುತ್ತಿಲ್ಲ. ‘ಅಮೇಡಿಯಸ್’ ಚಿತ್ರವನ್ನು ಕಣ್ಣುಮುಚ್ಚಿ ಕೇಳಿದರೂ ಧನ್ಯತೆ ಬರುತ್ತದೆ. ನಾನು ಹೇಳುವುದು ಮತದಾನದ ಮನಸ್ಸನ್ನು ಕುರಿತು. ಕಸುಬು ಬಲ್ಲವರು ಕೇಳಿ ಆರಿಸಿದರು; ಉಳಿದವರು ತಾವು ಮೆಚ್ಚಿದ ಚಿತ್ರದ ಹೆಸರು ಯಾವ ಸಾಲಿನಲ್ಲಿ ಕಂಡರೂ ಅದಕ್ಕೇ ಗುರುತು ಹಾಕಿದರೆಂದು ಊಹಿಸುವುದು ತಪ್ಪಾಗಲಾರದು. ಹಾಗಿದ್ದರೆ 20 ಸೋಲು ಎನ್ನುವ ಅಂಕಿಯನ್ನು ತಿರುಗಿಸಿ ಓದಬೇಕು. ಕೇಳಬಲ್ಲವರು 20 ಸಲ ಈತನನ್ನು ಕೇಳಿದರು ಎಂಬುದು ಅದರ ಅರ್ಥ. ಒಬ್ಬ ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು?

ಆದರೆ ಲೋಕ ಹಾಗೆ ಓದುವುದಿಲ್ಲ. 2007ರಲ್ಲಿ ‘ಅಪೊಕಲಿಪ್ಟೊ’ ಚಿತ್ರಕ್ಕಾಗಿ ಓಕಾನೆಲ್ 19ನೆಯ ಸಲ ಸೋತ ರಾತ್ರಿ, ಗೆದ್ದ ತಂಡದ ಮಿಶ್ರಣಕಾರರೊಬ್ಬರು ಪತ್ರಕರ್ತರ ಎದುರಿನಲ್ಲಿ ಅವರನ್ನು ಹಳಿದರು. ಈತ ಸಾಧಾರಣ ಮಟ್ಟದವನು, ಅನುಕಂಪದ ಮೇಲೆ ಪ್ರಶಸ್ತಿ ಗಿಟ್ಟಿಸಲು ನೋಡುತ್ತಿದ್ದಾನೆ, ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು ಎಂಬರ್ಥದ ಮಾತು. ಎಣಿಕೆಯ ಮೇಲೆ ಬಂದ ಪ್ರಸಿದ್ಧಿ ಎಣಿಕೆಯಿಂದಲೇ ಅವಮಾನಕ್ಕೆ ಗುರಿಯಾಗುತ್ತದೆ. ಮರುವರ್ಷ, 2008ರಲ್ಲಿ, 20ನೆಯ ಸೋಲು. ಆ ಸಮಾರಂಭದ ರಾತ್ರಿಯೇ ತಾಯಿ ಸ್ಕಿಪ್ಪಿ ತೀರಿಕೊಂಡರು. ವೇದಿಕೆಯ ಮೇಲಿಂದ ವಂದನೆ ಹೇಳುವೆನೆಂಬ ಮಾತು ಹಾಗೆಯೇ ಉಳಿಯಿತು. ಅದಾದ ಮೇಲೆ ಒಂಬತ್ತು ವರ್ಷ ಅವರ ಹೆಸರು ಪಟ್ಟಿಗೆ ಬರಲಿಲ್ಲ. ಎಣಿಸುವವರಿಗೂ ಅವರ ನೆನಪು ಹಿಡಿಯಲು ಕಾರಣ ಇರಲಿಲ್ಲ. ಆ ಒಂಬತ್ತು ವರ್ಷವೂ ಅವರು ಕೋಣೆಗೆ ಹೋಗಿ ಕೆಲಸ ಮಾಡುತ್ತಲೇ ಇದ್ದರು.

2016ರ ‘ಹ್ಯಾಕ್ಸಾ ರಿಡ್ಜ್’ ಚಿತ್ರದ ನಾಯಕ ಡೆಸ್ಮಂಡ್ ಡಾಸ್ ನಿಜವಾಗಿ ಬಾಳಿದ ವ್ಯಕ್ತಿ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಮುಟ್ಟಲಾರೆನೆಂದು ಹಟ ಹಿಡಿದು, ಶುಶ್ರೂಷಕನಾಗಿ ದಂಡಿನೊಡನೆ ಹೋದವನು. 1945ರಲ್ಲಿ ಓಕಿನಾವದ ಕಡಿದಾದ ಬಂಡೆಯ ಮೇಲೆ ಸುಮಾರು 75 ಮಂದಿ ಗಾಯಾಳುಗಳನ್ನು ಹಗ್ಗ ಕಟ್ಟಿ ಇಳಿಸಿ ಬದುಕಿಸಿದವನು. ಚಿತ್ರದ ಮೊದಲ ಭಾಗ ವರ್ಜೀನಿಯದ ಬೆಟ್ಟಗಳ ನಡುವೆ ಮೆಲ್ಲನೆಯ ಮಾತುಕತೆಯಲ್ಲಿ ಸಾಗುತ್ತದೆ. ಕಿವಿ ಆ ಮೃದುತನಕ್ಕೆ ಒಗ್ಗಿಹೋಗುತ್ತದೆ. ಅನಂತರ ಹೊಗೆಯೊಳಗೆ ಸದ್ದಿಲ್ಲದೆ ಮುನ್ನಡೆಯುವ ಸೈನಿಕರ ಮೇಲೆ ಥಟ್ಟನೆ ಗುಂಡಿನ ಮಳೆ ಒಡೆದುಕೊಳ್ಳುತ್ತದೆ. ಆ ಆಘಾತವನ್ನು ಮಾಡಿದ್ದು ಗುಂಡಿನ ಗಟ್ಟಿತನ ಮಾತ್ರವಲ್ಲ. ಅದಕ್ಕೆ ಮೊದಲು ಒಂದು ಗಂಟೆ ಕಾಪಾಡಿಕೊಂಡು ಬಂದ ಶಾಂತಿ. ರಾತ್ರಿ ಬೀಳುತ್ತದೆ, ಡಾಸ್ ಒಬ್ಬನೇ ಉಳಿಯುತ್ತಾನೆ. ಇನ್ನೊಬ್ಬನನ್ನು ಉಳಿಸುವ ಶಕ್ತಿ ಕೊಡೆಂದು ದೇವರನ್ನು ಬೇಡುವ ಅವನ ತುಟಿಮಾತು ಯುದ್ಧಭೂಮಿಯ ಸದ್ದಿನ ನಡುವೆ ನಮ್ಮ ಕಿವಿಯ ಹತ್ತಿರ ಬಂದು ಕೇಳುತ್ತದೆ. ಫಿರಂಗಿಯ ಮುಂದೆ ಪಿಸುಮಾತನ್ನು ಗೆಲ್ಲಿಸಿದ ಈ ಕೆಲಸಕ್ಕಾಗಿ ಓಕಾನೆಲ್, ಆಂಡಿ ರೈಟ್, ರಾಬರ್ಟ್ ಮೆಕೆಂಜಿ, ಪೀಟರ್ ಗ್ರೇಸ್ ನಾಲ್ವರೂ ವೇದಿಕೆ ಹತ್ತಿದರು. ಓಕಾನೆಲ್ ತಾಯಿಯ ಮಾತನ್ನು ಅಲ್ಲಿ ನೆನೆದು ವಂದನೆ ಸಲ್ಲಿಸಿದರು. ಕೆಲಸ ಕೊಡಿಸಿದ ದಿನದಿಂದ ಅಲ್ಲಿಗೆ 39 ವರ್ಷ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಗಮನಕ್ಕೆ ಬಾರದಿರುವುದೇ ಮಿಶ್ರಣದ ಯಶಸ್ಸಾದರೆ, ಗಮನಿಸಲಿಲ್ಲವೆಂದು ದೂರುವುದೇಕೆ ಎಂಬುದು ಮೊದಲನೆಯದು. ನೋಡುತ್ತಿರುವ ಹೊತ್ತಿನಲ್ಲಿ ಪ್ರೇಕ್ಷಕ ಗಮನಿಸಬೇಕಾಗಿಲ್ಲವೆಂದು ನಾನೂ ಒಪ್ಪುತ್ತೇನೆ. ಕುಮಾರವ್ಯಾಸನ ಗಮಕ ವಾಚನವನ್ನು ಕೇಳುವವನು ಷಟ್ಪದಿಯ ಮಾತ್ರೆಗಳನ್ನು ಬೆರಳಲ್ಲಿ ಎಣಿಸುತ್ತ ಕೂಡಬೇಕಾಗಿಲ್ಲ. ಆದರೆ ಪಾಠ ಹೇಳುವ ಅಧ್ಯಾಪಕನಿಗೆ ಛಂದಸ್ಸು ತಿಳಿದಿರಬೇಡವೆ? ವಿಮರ್ಶಕನೂ ವಿದ್ಯಾರ್ಥಿಯೂ, ಮೆಚ್ಚಿದ ಮೇಲೆ, ತಾವು ಮೆಚ್ಚಿದ್ದು ಹೇಗೆ ಆಯಿತೆಂದು ಹಿಂತಿರುಗಿ ಕೇಳಬೇಕು. ಆ ಹಿಂತಿರುಗುವಿಕೆಗೇ ವಿಮರ್ಶೆ ಎಂದು ಹೆಸರು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಪ್ರಶಸ್ತಿಯೇ ಇಲ್ಲದಿದ್ದರೆ ಇಂಥವರ ಹೆಸರನ್ನು ಯಾರು ಕೇಳುತ್ತಿದ್ದರು? ನಿಜ. ಪ್ರಶಸ್ತಿ ಒಂದು ದೀಪ. ಕತ್ತಲೆಯ ಕೋಣೆಯಲ್ಲಿ ಕುಳಿತವನ ಮುಖ ಅದರ ಬೆಳಕಿನಲ್ಲಿ ಒಂದು ಕ್ಷಣವಾದರೂ ಕಾಣುತ್ತದೆ. 2020ರವರೆಗೆ ಅಕಾಡೆಮಿ ಧ್ವನಿಸಂಕಲನಕ್ಕೂ ಧ್ವನಿಮಿಶ್ರಣಕ್ಕೂ ಬೇರೆ ಬೇರೆ ಪ್ರಶಸ್ತಿ ಕೊಡುತ್ತಿತ್ತು. 2021ರ ಸಮಾರಂಭದಿಂದ ಎರಡನ್ನೂ ಒಂದು ಮಾಡಿತು. ಹೊರಗಿನವರಿಗೆ ಎರಡರ ಭೇದ ತಿಳಿಯದು ಎಂಬುದು ಬಹುಕಾಲದ ದೂರು. ಭೇದವನ್ನು ತಿಳಿಸುವುದಕ್ಕಿಂತ ಅಳಿಸುವುದು ಸುಲಭವಾಯಿತೆಂದು ನನಗೆ ತೋರುತ್ತದೆ. ಪ್ರಶಸ್ತಿಯನ್ನು ನಾನು ಬೇಡವೆನ್ನುವುದಿಲ್ಲ. ದೀಪ ಹಚ್ಚಿದ ಮೇಲೆ ದೀಪವನ್ನೇ ನೋಡುತ್ತ ನಿಲ್ಲಬಾರದು ಎನ್ನುತ್ತೇನೆ.

ಭಾರತಕ್ಕೂ ಇದೇ ಪ್ರಶಸ್ತಿ ಒಮ್ಮೆ ಬಂದಿದೆ. 2009ರಲ್ಲಿ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರದ ಧ್ವನಿಮಿಶ್ರಣಕ್ಕಾಗಿ ಕೇರಳದ ರಸೂಲ್ ಪೂಕುಟ್ಟಿ, ಇಯಾನ್ ಟ್ಯಾಪ್ ಮತ್ತು ರಿಚರ್ಡ್ ಪ್ರೈಕ್ ಅವರೊಡನೆ ಅದನ್ನು ಪಡೆದರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಅವರ ಗೆಲುವಿನಿಂದ ದೇಶವೆಲ್ಲ ಹಿಗ್ಗಿತು, ಹಿಗ್ಗಬೇಕಾದದ್ದೇ. ಆ ಚಿತ್ರ ಅಂದು ಒಟ್ಟು 8 ಆಸ್ಕರ್ ಪಡೆಯಿತು, ಅತ್ಯುತ್ತಮ ಚಿತ್ರವೂ ಅದೇ. ನಾನು ಮೇಲೆ ಹೇಳಿದ ಅಲೆ ಈ ಸಲ ನಮ್ಮ ಕಡೆಗೆ ಬೀಸಿತೆಂದು ಪ್ರಾಮಾಣಿಕವಾಗಿ ಒಪ್ಪಬೇಕು. ನಮಗೆ ಎಷ್ಟು ಬಂದುವು ಎಂದು ನಾವು ಎಣಿಸಿದೆವು. ಮುಂಬಯಿಯ ಬೀದಿಯ ಗದ್ದಲದೊಳಗಿನಿಂದ ಮಕ್ಕಳ ಮಾತನ್ನು ಹೆಕ್ಕಿ ತೆಗೆದ ಬಗೆಯನ್ನು ಕುರಿತು ಎಷ್ಟು ಲೇಖನಗಳು ಬಂದುವು?

ಇನ್ನು ನಮ್ಮ ಅಂಗಳ. 1967ರಲ್ಲಿ ಕುವೆಂಪು ಅವರಿಂದ ಹಿಡಿದು 2010ರ ಸಾಲಿನ ಚಂದ್ರಶೇಖರ ಕಂಬಾರರವರೆಗೆ ಕನ್ನಡಕ್ಕೆ ಬಂದ ಜ್ಞಾನಪೀಠಗಳು 8. ಈ ಸಂಖ್ಯೆಯನ್ನು ಹೇಳದೆ ನಮ್ಮಲ್ಲಿ ರಾಜ್ಯೋತ್ಸವದ ಭಾಷಣ ಮುಗಿಯುವುದಿಲ್ಲ. ಎಂಟು ಹೆಸರುಗಳನ್ನೂ ಇಸವಿಗಳನ್ನೂ ಕ್ರಮತಪ್ಪದೆ ಒಪ್ಪಿಸುವ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇದ್ದಾರೆ. ಸ್ಪರ್ಧಾ ಪರೀಕ್ಷೆಗಳು ಕೇಳುವುದೂ ಅದನ್ನೇ. ಬೇಂದ್ರೆಯವರ ಒಂದು ಕವಿತೆಯನ್ನು ಗಟ್ಟಿಯಾಗಿ ಓದಿ, ಅದರ ನಾದ ಎಲ್ಲಿ ಅರ್ಥವನ್ನು ಹೊರುತ್ತದೆ, ಎಲ್ಲಿ ಅರ್ಥವನ್ನು ಮೀರುತ್ತದೆ ಎಂದು ತೋರಿಸು ಎಂದರೆ ಎಷ್ಟು ಮಂದಿ ಮುಂದೆ ಬಂದಾರು? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ‘ಹಾರ್ಟ್ ಲ್ಯಾಂಪ್’ ಎಂಬ ಇಂಗ್ಲಿಷ್ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ನಿಯಮದಂತೆ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಅದು ಸಮಪಾಲಾಗಿ ಸಂದಿತು. ಅನುವಾದವೂ ಒಂದು ಮಿಶ್ರಣವೇ. ಯಾವ ಮಾತನ್ನು ಇಂಗ್ಲಿಷಿಗೆ ತಿರುಗಿಸಬೇಕು, ಯಾವುದನ್ನು ಮೂಲದ ಮಾತಾಗಿಯೇ ಉಳಿಸಬೇಕು, ಹಿನ್ನೆಲೆಯ ಗುನುಗನ್ನು ಎಷ್ಟು ಕೇಳಿಸಬೇಕು ಎಂಬುದೇ ಅಲ್ಲಿಯ ತೀರ್ಮಾನ. ಪ್ರಶಸ್ತಿಯ ಸುದ್ದಿ ಮನೆಮನೆಗೆ ಮುಟ್ಟಿತು. ಆ ತೀರ್ಮಾನಗಳನ್ನು ಕುರಿತ ಚರ್ಚೆ ತರಗತಿಗಳನ್ನು ಮುಟ್ಟಬೇಕಾಗಿದೆ.

ಅಧ್ಯಾಪಕರಿಗೆ ನನ್ನದೊಂದು ಸಣ್ಣ ಸಲಹೆಯುಂಟು. ತರಗತಿಯಲ್ಲಿ ಒಂದು ಒಳ್ಳೆಯ ಚಿತ್ರದ ಹತ್ತು ನಿಮಿಷವನ್ನು ಮೊದಲು ಧ್ವನಿಯಿಲ್ಲದೆ ತೋರಿಸಿ. ಅನಂತರ ಅದೇ ಹತ್ತು ನಿಮಿಷವನ್ನು ಕಣ್ಣುಮುಚ್ಚಿ ಕೇಳಿಸಿ. ಏನೇನು ಕೇಳಿತು, ಏನು ಹತ್ತಿರದಲ್ಲಿತ್ತು, ಏನು ದೂರದಲ್ಲಿತ್ತು, ಯಾವಾಗ ಎಲ್ಲವೂ ಸುಮ್ಮನಾಯಿತು ಎಂದು ಬರೆಯಲು ಹೇಳಿ. ಬಹುಮಾನ ಯಾರಿಗೆ ಬಂದಿತೆಂಬುದು ಆ ಹೊತ್ತಿಗೆ ಯಾರಿಗೂ ಬೇಡವಾಗಿರುತ್ತದೆ. ಅದೇ ಕಿವಿಯನ್ನು ಅವರು ಮರುದಿನ ಪದ್ಯದ ಪುಸ್ತಕಕ್ಕೆ ತಂದರೆ ಅಧ್ಯಾಪಕರ ಅರ್ಧ ಕೆಲಸ ಮುಗಿದಂತೆ.

ಸ್ಕಿಪ್ಪಿ ಓಕಾನೆಲ್ ಮಗನಿಗೆ ಎರಡು ಮಾತು ಹೇಳಿದ್ದರು. ಕಷ್ಟಪಟ್ಟು ಕೆಲಸಮಾಡು ಎಂಬುದು ಒಂದು. ವೇದಿಕೆಯ ಮೇಲೆ ನನ್ನನ್ನು ನೆನೆ ಎಂಬುದು ಇನ್ನೊಂದು. ಎರಡನೆಯದು ಸಾವಿರಾರು ಮಂದಿಯ ಮತವನ್ನು ಅವಲಂಬಿಸಿತ್ತು. ಅದು ನೆರವೇರಿದಾಗ ಕೇಳಲು ಆಕೆ ಇರಲಿಲ್ಲ. ಮೊದಲನೆಯದು ಮಗನ ಕೈಯಲ್ಲಿಯೇ ಇತ್ತು. ಅದು ಆಕೆ ಬದುಕಿದ್ದಾಗಲೇ, ಒಂದೊಂದು ಚಿತ್ರದಲ್ಲಿಯೂ, ನೆರವೇರುತ್ತ ಬಂದಿತ್ತು. ಧ್ವನಿವಿಭಾಗದಲ್ಲಿಯೇ ದುಡಿದ ಆ ತಾಯಿಗೆ ಅದು ಕೇಳಿಸಿಯೇ ಇರಬೇಕು.